ಬಾವಿಯ ರಾಟೆಗೆ ಪೆಟ್ಟಿಗೆ ಹೊಂದಿಸಿದ್ದು

ನಾಟಕದ ಹಾಡಿಗೆ ಮಟ್ಟು ಕಟ್ಟುವುದು ನನ್ನ ಕಸುಬು. ಮಾತು ಬರೆಯುವವರು ಬೇರೆ ಇರುತ್ತಾರೆ. ಆ ಮಾತು ಯಾವ ಧಾಟಿಯಲ್ಲಿ ಏಳಬೇಕು, ಎಲ್ಲಿ ಇಳಿಯಬೇಕು, ಹಾಡುವವನು ಎಲ್ಲಿ ಉಸಿರು ತೆಗೆದುಕೊಳ್ಳಬೇಕು, ಅದು ನನ್ನ ಕೆಲಸ. ಬರೆಯುವುದು ನನಗೆ ಕಷ್ಟ, ಎರಡನೇ ಕ್ಲಾಸು ಮುಗಿಸಿದವಳಲ್ಲ. ಆದ್ದರಿಂದ ಮಾಡಿದ ನಾಟಕಗಳನ್ನೆಲ್ಲ ಹೇಳಲು ಹೋಗುವುದಿಲ್ಲ. ಮೊದಲನೆಯದನ್ನು ಹೇಳಿ ಮುಗಿಸುತ್ತೇನೆ. ಅದು ಕೆಟ್ಟಿದ್ದರೆ ಉಳಿದವು ಇರುತ್ತಲೇ ಇರಲಿಲ್ಲ.

ಆಗ ನಾವು ಯಶವಂತಪುರದಲ್ಲಿ ಸ್ಟೇಷನ್ನಿನ ಹಿಂದೆ ಇದ್ದೆವು. ನನ್ನ ಗಂಡ ಹಾರ್ಮೋನಿಯಂ ಮೇಷ್ಟ್ರು. ಹಳ್ಳಿಗಳಲ್ಲಿ ಒಂದೆರಡು ತಿಂಗಳು ಉಳಿದು ರೈತರಿಗೆ ನಾಟಕ ಕಲಿಸಿ, ಆಡಿಸಿ ಬರುತ್ತಿದ್ದರು. ನಾನು ಮೊದಲು ಕಂಪನಿಯಲ್ಲಿ ಹೆಣ್ಣು ಪಾರ್ಟು ಮಾಡುತ್ತಿದ್ದವಳು, ಹಾರ್ಮೋನಿಯಂ ಪೆಟ್ಟಿಗೆ ಬಾರಿಸುವುದು ಅಲ್ಲೇ ಬಂತು. ಅವರ ಎಷ್ಟೋ ಮಟ್ಟುಗಳನ್ನು ನಾನೇ ಕಟ್ಟಿಕೊಡುತ್ತಿದ್ದೆ. ಹೆಸರು ಅವರದು. ಅದಕ್ಕೆ ನಾನು ತಲೆ ಕೆಡಿಸಿಕೊಂಡವಳಲ್ಲ, ಅನ್ನ ಒಂದೇ ಮಡಕೆಯದು.

ಒಂದು ಬೆಳಿಗ್ಗೆ ಅವರಿಗೆ ಲಕ್ವ ಹೊಡೆಯಿತು. ಬಲಗೈ, ಬಲಗಾಲು ಬಿದ್ದವು. ಅಷ್ಟರಲ್ಲಿ ಅಲ್ಲಾಳಸಂದ್ರದ ಕೆರೆ ದಾಟಿ ಒಳಗಿರುವ ಒಂದು ಹಳ್ಳಿಗೆ ಒಪ್ಪಿಕೊಂಡಾಗಿತ್ತು. ಆ ಊರಿನ ಕೆರೆ ಎಷ್ಟೋ ಕಾಲದ ಮೇಲೆ ತುಂಬಿ ಕೋಡಿ ಬಿದ್ದಿತ್ತು. ಆ ಸಂತೋಷಕ್ಕೆ ಕೆರೆ ಕಟ್ಟಿಸಿದ ಹಳೇ ರಾಜನ ಕತೆಯನ್ನು ಊರಿನ ಶ್ಯಾನುಭೋಗರು ನಾಟಕವಾಗಿ ಬರೆದಿದ್ದರು. ಎಲ್ಲ ಹೊಸ ಹಾಡು, ಯಾವುದಕ್ಕೂ ಮಟ್ಟು ಇರಲಿಲ್ಲ. ಯುಗಾದಿಗೆ ಆಟ. ನಾನು ಅತ್ತೆಯನ್ನು ಗಂಡನ ಹತ್ತಿರ ಬಿಟ್ಟು, ಕಾಲಿನಿಂದ ತಿದಿ ಒತ್ತುವ ಕಾಲು ಹಾರ್ಮೋನಿಯಂ ಗಾಡಿಗೆ ಹೇರಿಸಿಕೊಂಡು ಹೊರಟೆ.

ಊರಿನ ಪಟೇಲರು ಗಾಡಿಯೊಳಗೆ ಇಣುಕಿ ನೋಡಿದರು.

"ಮೇಷ್ಟ್ರು ಎಲ್ಲಮ್ಮ?"

"ನಾನೇ."

"ಪೆಟ್ಗೆ ಜತೆಗೆ ಎಂಡ್ರುನ್ನೂ ಕಳ್ಸವ್ರಾ?"

"ಪೆಟ್ಟಿಗೆ ತಾನೇ ತಾನಾಗಿ ಬಾರಿಸಿಕೊಳ್ಳಲ್ಲ ಪಟೇಲ್ರೇ. ಇಳಿಸಿಕೊಳ್ಳಿ."

ನಕ್ಕರು. ಆದರೆ ನಕ್ಕವರೆಲ್ಲ ಒಪ್ಪಿದವರಲ್ಲ ಅಂತ ನನಗೆ ಗೊತ್ತಿತ್ತು. ಆ ಸುತ್ತಿನಲ್ಲಿ ಹೆಂಗಸು ನಾಟಕ ಕಲಿಸಿದ್ದು ಇರಲಿಲ್ಲ. ಈ ಊರು ಬೇಡ ಅಂದರೆ ಇನ್ನೊಂದು ಊರು ಕರೆಯುವುದಿಲ್ಲ, ಮನೆಯಲ್ಲಿ ಒಲೆ ಉರಿಯುವುದಿಲ್ಲ. ಅಷ್ಟೇ ವಿಷಯ.

ಆ ಊರಿನಲ್ಲಿ ಪಾರ್ಟು ಹಂಚುವುದಕ್ಕೆ ಒಂದು ಕ್ರಮ ಇತ್ತು. ಊರಮ್ಮನ ಮುಂದೆ ಒಬ್ಬೊಬ್ಬರ ಹೆಸರು ಹೇಳುತ್ತಾರೆ. ಅಮ್ಮನ ಬಲಗಡೆಯಿಂದ ಹೂ ಬಿದ್ದರೆ ಆ ಪಾರ್ಟು ಅವನದು. ನಾನು ಬರುವ ಮೊದಲೇ ರಾಜಾ ಪಾರ್ಟಿನ ಹೂ ಬಿದ್ದಾಗಿತ್ತು. ಅದು ಕೆರೆ ಕೆಳಗೆ ತರಕಾರಿ ತೋಟ ಮಾಡುತ್ತಿದ್ದ ಒಬ್ಬ ಗೌಡರಿಗೆ ಬಿದ್ದಿತ್ತು. ಎತ್ತರದ ಆಳು, ಒಳ್ಳೆ ಮೀಸೆ, ಕಿರೀಟ ಇಟ್ಟರೆ ರಾಜನೇ. ಬಾಯಿ ತೆರೆದರೆ ಮುಗಿಯಿತು. ನಾನು ಷಡ್ಜ ಹಿಡಿದು ಕೂತರೆ ಅವರು ಅದರ ಪಕ್ಕದಲ್ಲಿ ಎಲ್ಲೋ ಕೂರುತ್ತಿದ್ದರು. ಪೆಟ್ಟಿಗೆಯಲ್ಲಿ ಬೆರಳಿನಿಂದ ಒತ್ತುವ ಪಟ್ಟಿಗೆ ನಾವು ಮನೆ ಅನ್ನುತ್ತೇವೆ. ಒಂದು ಮನೆ ಕೆಳಗೆ ಹೋದರೆ ಸ್ವಲ್ಪ ಮೇಲಿರುತ್ತಿದ್ದರು, ಒಂದು ಮನೆ ಮೇಲೆ ಹೋದರೆ ಸ್ವಲ್ಪ ಕೆಳಗಿರುತ್ತಿದ್ದರು. ಪೆಟ್ಟಿಗೆಯ ಕರಿ ಮನೆ, ಬಿಳಿ ಮನೆ ಎಲ್ಲ ತಡವಿದೆ. ಬೆಳಿಗ್ಗೆ ಬರೀ ಹೊಟ್ಟೆಯಲ್ಲಿ ಆ ಅಂತ ಎಳೆದು ಆಕಾರ ಹಾಡಿಸಿದೆ. ಮಂತ್ರಿ ಪಾರ್ಟಿನವನ ಗಂಟಲು ಚೆನ್ನಾಗಿತ್ತು, ಅವನನ್ನು ಪಕ್ಕದಲ್ಲಿ ನಿಲ್ಲಿಸಿ ಜೊತೆಯಲ್ಲಿ ಹಾಡಿಸಿದೆ. ಗೌಡರು ಸರಿಹೋಗಲಿಲ್ಲ, ಮಂತ್ರಿ ಕೆಟ್ಟ.

ತಬಲಾದವರು ನಮ್ಮ ಬೀದಿಯವರು, ಮನೆಯಲ್ಲಿ ಉರ್ದು ಮಾತಾಡುವವರು. ನಾವು ತಬಲಾ ಭಾಯಿ ಅನ್ನುತ್ತಿದ್ದೆವು. ಅವರು ತಬಲಾ ಶ್ರುತಿ ಮಾಡುವ ಸುತ್ತಿಗೆ ಕೆಳಗಿಟ್ಟು ಹೇಳಿದರು: "ಅಕ್ಕಾ, ಈ ರಾಜಾಸಾಹೇಬ್ರು ಬೇಸುರಾ ಅಲ್ಲ. ಅವ್ರ ಸುರ್ ಬೇರೆ ಯಾವ್ದೋ ದೇಶದ್ದು. ಅಲ್ಲಿಂದ ಕದಲೋದೇ ಇಲ್ಲ."

ನಾನು ಆಗ ಅದನ್ನು ತಮಾಷೆ ಅಂದುಕೊಂಡೆ.

ಪಟೇಲರು ಒಂದು ಸಂಜೆ ಬಂದು ತಾಲೀಮು ನೋಡಿದರು. ಪಾರ್ಟು ಬದಲಾಯಿಸಿ ಅಂತ ನಾನೇ ಕೇಳಿದೆ.

"ಊ ಬಿದ್ದೈತೆ ಕಣಮ್ಮ. ಅಮ್ಮ ಕೊಟ್ಟಿದ್ದುನ್ನ ಕಿತ್ಕೊಳೋಕಾಯ್ತದಾ?"

"ಮತ್ತೆ ಏನು ಮಾಡೋಣ?"

"ಪಾರ್ಟಿಗೆ ಊ ಬಿದ್ದೈತೆ. ಮೇಷ್ಟ್ರಿಗೆ ಬಿದ್ದಿಲ್ಲ. ಸಿವ್ರಾತ್ರಿ ಅಮಾಸೆ ಕಳುದ್ ಮಾರ್ನೇ ದಿನ ಟ್ರಯಲ್ ನೋಡ್ತೀವಿ. ರಾಜ ಆಡುದ್ರೆ ಸರಿ, ಇಲ್ದಿದ್ರೆ ಪ್ಯಾಟೆಯಿಂದ ಬ್ಯಾರೆ ಮೇಷ್ಟ್ರನ್ನ ಕರೀತೀವಿ. ಬ್ಯಾಸ್ರ ಮಾಡ್ಕೊಬ್ಯಾಡ."

ಬೇಸರ ಮಾಡಿಕೊಂಡೆ. ಆದರೆ ಅವರ ಮಾತಿನಲ್ಲಿ ತಪ್ಪೇನೂ ಇರಲಿಲ್ಲ.

ಮಾರನೆಯ ದಿನ ಗೌಡರ ಹೆಂಡತಿ ನನಗೆ ಅವರೆಕಾಳು ತಂದುಕೊಟ್ಟರು. ನನಗಿಂತ ಬಾಯಿ ಜೋರು ಆಯಮ್ಮನದು.

"ನಮ್ಮೋರು ಅಂಗೇ ಕಣಕ್ಕ. ಎತ್ತಿನ್ ಮುಂದೆ ಬಿಟ್ರೆ ಎಲ್ಲೂ ಬಾಯ್ ಬಿಡಾಕಿಲ್ಲ. ಮದ್ವೆನಾಗೆ ನನ್ ಎಸ್ರು ಏಳು ಅಂದ್ರೆ ಬೆವ್ತೋದ್ರು. ಅದೇ ಕಪಿಲೆ ಒಡೀವಾಗ ಬಂದು ಕೇಳು, ಕೆರೆ ಆಚ್ಗೂ ಕೇಳ್ತದೆ."

ಊರೊಳಕ್ಕೆ ಕರೆಂಟು ಬಂದಿತ್ತು, ತೋಟಗಳಿಗೆ ಬಂದಿರಲಿಲ್ಲ. ಬಾವಿಯ ನೀರನ್ನು ಕಪಿಲೆಯಲ್ಲೇ ಎತ್ತುತ್ತಿದ್ದರು. ಕಪಿಲೆ ಅಂದರೆ ದೊಡ್ಡ ತೊಗಲಿನ ಚೀಲ. ಅದರ ಹಗ್ಗ ಬಾವಿಯ ಮೇಲಿನ ಮರದ ರಾಟೆಯ ಮೇಲೆ ಹಾದು ಬಂದು ಎತ್ತಿನ ನೊಗಕ್ಕೆ ಕಟ್ಟಿರುತ್ತದೆ. ಬಾವಿಯ ಮುಂದೆ ಇಳಿಜಾರು. ಎತ್ತು ಇಳಿಜಾರಿನಲ್ಲಿ ಕೆಳಕ್ಕೆ ನಡೆದರೆ ಚೀಲ ಮೇಲಕ್ಕೆ ಬರುತ್ತದೆ, ನೀರು ಕಾಲುವೆಗೆ ಬೀಳುತ್ತದೆ. ಎತ್ತು ಹಿಂದಕ್ಕೆ ಬಂದರೆ ಚೀಲ ಇಳಿಯುತ್ತದೆ.

ಬೆಳಿಗ್ಗೆ ಹೋಗಿ ಬದನೆ ಮಡಿಯ ಬದುವಿನ ಮೇಲೆ ಕೂತೆ. ಗೌಡರು ನನ್ನನ್ನು ನೋಡಲಿಲ್ಲ. ಎತ್ತು ಇಳಿಯಿತು, ಅವರು ಭಾರ ಕೊಡಲು ಹಗ್ಗದ ಮೇಲೆ ಕೂತರು, ಹಾಡು ಎದ್ದಿತು. ನಾನು ಕಂಪನಿಯಲ್ಲಿ ದೊಡ್ಡ ದೊಡ್ಡ ಗಂಟಲು ಕೇಳಿದ್ದೇನೆ. ಸುಳ್ಳು ಹೇಳುವುದಿಲ್ಲ, ಇದು ಅದಕ್ಕೆ ಸಮ. ಒಂದು ಸ್ವರದಲ್ಲಿ ನಿಂತರೆ ನಿಂತೇ ಇರುತ್ತಿತ್ತು, ಗೂಟ ಹೊಡೆದ ಹಾಗೆ. ಐದೇ ಸ್ವರ, ಆದರೆ ಐದೂ ಗಟ್ಟಿ. ಅಪಶ್ರುತಿ ಅನ್ನುವ ಮಾತೇ ಇಲ್ಲ.

ಮನುಷ್ಯನಿಗೆ ಶ್ರುತಿ ಇದೆ, ನನ್ನ ಪೆಟ್ಟಿಗೆ ಎದುರಿಗೆ ಬಂದರೆ ಹೋಗುತ್ತದೆ. ಯಾಕೆ? ನಾಚಿಕೆ ಅಂದುಕೊಂಡೆ. ಹಾಗಿದ್ದರೆ ಪೆಟ್ಟಿಗೆಯನ್ನೇ ಬಾವಿಗೆ ತರುತ್ತೇನೆ ಅಂದೆ. ಗೌಡರು ಸಂಕೋಚ ಪಟ್ಟುಕೊಂಡು, "ಅಂಗೇ ಮಾಡವ್ವ" ಅಂದರು.

ಮಾರನೆಯ ದಿನ ಪೆಟ್ಟಿಗೆ ಗಾಡಿಯಲ್ಲಿ ಬಂತು. ಇಳಿಜಾರಿನ ಪಕ್ಕ ಕಲ್ಲು ಹಾಸಿ ಇಟ್ಟೆವು. ಎತ್ತು ಇಳಿಯಿತು. ಗೌಡರು ಹಗ್ಗದ ಮೇಲೆ ಕೂತು ಬಾಯಿ ತೆರೆದರು. ಅದೇ ಹಳೇ ರಾಗ, ತಾಲೀಮಿನಲ್ಲಿ ಹಾಡುತ್ತಿದ್ದರಲ್ಲ, ಅದೇ. ನಾನು ಪೆಟ್ಟಿಗೆ ನಿಲ್ಲಿಸಿ ಸುಮ್ಮನೆ ಹಾಡಿ ಅಂದೆ. ಪೆಟ್ಟಿಗೆ ಇಲ್ಲದೆಯೂ ಅಷ್ಟೇ. ಅವರಿಗೇ ಗಾಬರಿ. ಎತ್ತುಗಳೂ ನಿಂತು ಹಿಂದಕ್ಕೆ ನೋಡಿದವು. ನಾನು ಪೆಟ್ಟಿಗೆ ಮುಚ್ಚಿದೆ. ಮನೆಗೆ ಹೋಗಿ ಗಂಡನಿಗೆ ಏನು ಹೇಳುವುದು ಅಂತ ಯೋಚನೆ ಶುರುವಾಯಿತು.

ಗೌಡರ ಹೆಂಡತಿ ಕಾಲುವೆಯ ಹತ್ತಿರದಿಂದ ಕೂಗಿದರು: "ಏನು, ಬಾವಿನಾಗೆ ಯಾರಾನ ಸತ್ತೋಗವ್ರಾ? ಇಷ್ಟು ಸುಮ್ಕೆ ಐತಲ್ಲ?"

ಆಗ ಗಮನಿಸಿದೆ. ಹಿಂದಿನ ದಿನ ರಾಟೆ ಕಿರ್ ಅಂತ ಒಂದೇ ಸಮ ಕೂಗುತ್ತಿತ್ತು. ಈವತ್ತು ಸದ್ದೇ ಇಲ್ಲ.

"ಗೌಡ್ರೇ, ರಾಟೆಗೆ ಏನು ಮಾಡಿದಿರಿ?"

"ಅಳ್ಳೆಣ್ಣೆ ಆಕ್ದೆ ಕಣವ್ವ. ನೀವು ಪೆಟ್ಗೆ ತತ್ತೀನಿ ಅಂದ್ರಲ್ಲ. ಸಂಗೀತದ್ ಮಧ್ಯೆ ಇದರ ಒರಲಾಟ ಯಾಕೆ ಅಂತ."

ಮರ್ಯಾದೆಗೆ ಅಂತ ಎಣ್ಣೆ ಹಾಕಿದ್ದರು. ಇಪ್ಪತ್ತು ವರ್ಷವೋ ಮೂವತ್ತು ವರ್ಷವೋ, ಆ ರಾಟೆ ಕಿರುಗುಟ್ಟುವ ಸದ್ದೇ ಅವರ ತಂಬೂರಿ. ಅದು ಅವರಿಗೂ ಗೊತ್ತಿರಲಿಲ್ಲ.

"ತೊಳೀರಿ ಅದನ್ನ," ಅಂದೆ.

ಗೌಡರ ಹೆಂಡತಿಗೆ ನಗು ತಡೆಯಲಿಲ್ಲ. ರಾಟೆ ಬಿಚ್ಚಿಕೊಂಡು ಬೂದಿ, ಸೀಗೆಪುಡಿ ಹಾಕಿ ತಿಕ್ಕಿದರು. "ನನ್ ತಲೆಗೇ ಇಷ್ಟು ಸೀಗೇಕಾಯಿ ಆಕ್ಕೊಂಡಿಲ್ಲ ಕಣಕ್ಕ" ಅಂತ ಊರಿಗೆಲ್ಲ ಹೇಳಿದರು. ಬಿಸಿಲಿನಲ್ಲಿ ಒಣಗಿಸಿ ಮತ್ತೆ ಕೂರಿಸಿದ ಮೇಲೆ ರಾಟೆ ಕೂಗಿತು, ಗೌಡರೂ ಹಾಡಿದರು.

ಆಮೇಲೆ ನಾನು ಪೆಟ್ಟಿಗೆಯಲ್ಲಿ ಆ ಸದ್ದು ಎಲ್ಲಿದೆ ಅಂತ ಹುಡುಕಿದೆ. ಚೀಲ ನೀರಿನೊಳಗೆ ಇರುವ ತನಕ ರಾಟೆಯ ದನಿ ಅಲ್ಲಾಡುತ್ತದೆ. ನೀರು ಬಿಟ್ಟು ಮೇಲೆದ್ದ ಮೇಲೆ ಭಾರ ಒಂದೇ ಸಮ, ದನಿಯೂ ಒಂದೇ ಸಮ. ಆ ಹೊತ್ತಿನಲ್ಲಿ ಮನೆ ಒತ್ತಿ ನೋಡಬೇಕು. ಒಂದು ಬಿಳಿ ಮನೆ ಒತ್ತಿದರೆ ರಾಟೆ ಅದಕ್ಕಿಂತ ಮೇಲೆ. ಪಕ್ಕದ ಕರಿ ಮನೆ ಒತ್ತಿದರೆ ಅದಕ್ಕಿಂತ ಕೆಳಗೆ. ಎರಡರ ಮಧ್ಯೆ ಇತ್ತು ಅದರ ಸ್ವರ. ಅಂಥ ಸ್ವರ ಪೆಟ್ಟಿಗೆಯಲ್ಲೇ ಇಲ್ಲ. ತಬಲಾ ಭಾಯಿ ಬೇರೆ ದೇಶದ್ದು ಅಂದದ್ದು ಇದೇ.

"ಅಂಗಾರೆ ರಾಟೆನೇ ಒತ್ಕೊಂಡೋಗಿ ಚಾವಡಿನಾಗೆ ಕಟ್ರಿ" ಅಂದರು ಗೌಡರ ಹೆಂಡತಿ. ಅದನ್ನೂ ಮಾಡಿ ನೋಡಿದೆವು. ಭಾರ ಇಲ್ಲದೆ ರಾಟೆ ಕೂಗುವುದಿಲ್ಲ, ಗಡಗಡ ಅನ್ನುತ್ತದೆ ಅಷ್ಟೇ. ಚಾವಡಿಯಲ್ಲಿ ಬಾವಿ ತೋಡುವುದಕ್ಕೆ ಆಗುವುದಿಲ್ಲವಲ್ಲ.

ಉಳಿದದ್ದು ಒಂದೇ ದಾರಿ. ಮನುಷ್ಯ ಪೆಟ್ಟಿಗೆಗೆ ಬರುವುದಿಲ್ಲ ಅಂದರೆ ಪೆಟ್ಟಿಗೆ ಮನುಷ್ಯನ ಹತ್ತಿರ ಹೋಗಬೇಕು. ಹಾರ್ಮೋನಿಯಂ ಒಳಗೆ ಒಂದೊಂದು ಸ್ವರಕ್ಕೆ ಒಂದೊಂದು ಹಿತ್ತಾಳೆ ರೀಡು ಇರುತ್ತದೆ. ಅದರ ತುದಿಯನ್ನು ಅರದಿಂದ ಸವೆಸಿದರೆ ಸ್ವರ ಮೇಲಕ್ಕೆ ಹೋಗುತ್ತದೆ. ಹೆಚ್ಚು ಸವೆಸಿದರೆ ಹಿಂದಕ್ಕೆ ತರುವುದು ಕಷ್ಟ, ರೀಡು ಮುರಿದರೆ ಹೋಯಿತು. ನಮ್ಮ ಪೆಟ್ಟಿಗೆಗೆ ಎರಡು ಸಾಲು ರೀಡು. ಮುಂದಿನ ಗುಂಡಿ ಎಳೆದರೆ ಬೇಕಾದ ಸಾಲು ತೆರೆಯುತ್ತದೆ, ಎರಡೂ ತೆರೆದರೆ ತುಂಬು ದನಿ. ಆ ತುಂಬು ದನಿಗೇ ನನ್ನ ಗಂಡನಿಗೆ ಹೆಸರು. ಒಂದು ಸಾಲನ್ನು ರಾಟೆಗೆ ಹೊಂದಿಸಿದರೆ ಇನ್ನು ಮೇಲೆ ಎರಡೂ ಒಟ್ಟಿಗೆ ತೆರೆಯುವ ಹಾಗಿಲ್ಲ, ನಾಯಿ ಊಳಿಟ್ಟ ಹಾಗೆ ಇರುತ್ತದೆ.

ಯಲಹಂಕದಿಂದ ರೈಲು ಹತ್ತಿ ಮನೆಗೆ ಹೋದೆ. ಕೇಳದೆ ಮಾಡುವ ಕೆಲಸ ಅಲ್ಲ. ಗಂಡ ಜಗಲಿಯ ಮೇಲೆ ಒರಗಿದ್ದರು. ಎಲ್ಲ ಹೇಳಿದೆ.

"ಲೇ, ಒಬ್ಬ ತರಕಾರಿ ಗೌಡನಿಗೋಸ್ಕರ ನನ್ನ ಪೆಟ್ಟಿಗೆಗೆ ಅರ ಹಾಕ್ತೀಯಾ?"

"ಹೂಂ."

"ಅದು ನನ್ನ ಕೈ ಕಣೇ."

"ನಿಮ್ಮ ಕೈ ಬಿದ್ದಿದೆ. ಈಗ ಅದು ನನ್ನ ಕೈ."

ಅತ್ತೆ ಒಳಗಿನಿಂದ, "ಎಂಥಾ ಮಾತಾಡ್ತೀಯೇ, ಗಯ್ಯಾಳಿ" ಅಂದರು. ಗೂಡ್ಸ್ ಗಾಡಿಯೊಂದು ಹೋಯಿತು. ಅದು ಪೂರ್ತಿ ಹೋದ ಮೇಲೆ ಗಂಡ ಹೇಳಿದರು:

"ಸಣ್ಣ ಅರ ಟ್ರಂಕಿನ ತಳದಲ್ಲಿದೆ, ಬಟ್ಟೆ ಸುತ್ತಿ ಇಟ್ಟಿದೀನಿ. ತುದಿ ಮುಟ್ಟು, ಬುಡ ಮುಟ್ಟಬೇಡ. ರೀಡಿನ ಕೆಳಗೆ ತೆಳ್ಳಗೆ ತಗಡು ಕೊಡು, ಇಲ್ದಿದ್ರೆ ಬಗ್ಗತ್ತೆ. ಒಂದು ಸಲ ಉಜ್ಜು, ಊದಿ ಪುಡಿ ತೆಗೆ, ಬಾರಿಸಿ ನೋಡು. ಆತುರ ಮಾಡಬೇಡ, ನಿಂಗೆ ಆತುರ ಜಾಸ್ತಿ."

ಮತ್ತೆ ಬಾವಿಗೆ ಬಂದೆ. ಎರಡು ಬೆಳಗು ಅದೇ ಕೆಲಸ. ಗೌಡರು ಎತ್ತು ಹೊಡೆಯುವುದು, ಚೀಲ ನೀರು ಬಿಟ್ಟು ಏಳುವುದು, ನಾನು ಮನೆ ಒತ್ತುವುದು. ಎರಡು ಸ್ವರ ಹತ್ತಿರ ಬಂದರೆ ಮಧ್ಯೆ ಒಂದು ನಡುಕ ಕೇಳುತ್ತದೆ. ಹತ್ತಿರ ಬಂದಷ್ಟೂ ನಡುಕ ನಿಧಾನ ಆಗುತ್ತದೆ, ಸೇರಿದರೆ ನಿಲ್ಲುತ್ತದೆ. ಉಜ್ಜುವುದು, ಊದುವುದು, ಕೂರಿಸುವುದು, ಮತ್ತೆ "ಹೊಡೀರಿ ಗೌಡ್ರೇ" ಅನ್ನುವುದು.

"ಅಕ್ಕಯ್ಯ, ಬದ್ನೆ ಗಿಡ ಕೊಳ್ತೋಯ್ತದೆ, ನಿನ್ ಸಂಗೀತ ಮುಗುಸು" ಅಂತ ಗೌಡರ ಹೆಂಡತಿ ಕೂಗಿದರು. ನೀರನ್ನು ಪಕ್ಕದವರ ತೋಟಕ್ಕೆ ತಿರುಗಿಸಿದೆವು. ಅವರಿಗೂ ಸಂಗೀತದಿಂದ ಸ್ವಲ್ಪ ಲಾಭ ಆಯಿತು.

ಷಡ್ಜ ನಿಂತ ಮೇಲೆ ಉಳಿದವು ಸುಲಭ ಅಂದುಕೊಂಡೆ. ಗಂಡ ಹೇಳಿದ ಆತುರ ಅಲ್ಲೇ ಬಂತು. ಗಾಂಧಾರದ ರೀಡು ಟಿಣ್ ಅಂತ ಮುರಿಯಿತು. ಬೇರೆ ರೀಡು ತರಿಸಲು ಪೇಟೆಗೆ ಹೋಗಬೇಕು, ಟ್ರಯಲ್ಲಿಗೆ ದಿನ ಉಳಿದಿರಲಿಲ್ಲ. ಬಾಯಿಗೆ ಬಂದದ್ದನ್ನು ಅಂದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಎತ್ತಿಗೇ ಬೈಯುತ್ತಿದ್ದೇನೆ ಅಂತ ಗೌಡರು ಅಂದುಕೊಂಡರು.

ಅವರ ಐದು ಸ್ವರದಲ್ಲಿ ಈಗ ನನ್ನ ಹತ್ತಿರ ನಾಲ್ಕು. ಗಾಂಧಾರ ಬಿಟ್ಟು ಮಟ್ಟು ಕಟ್ಟಿದೆ. ರಾಜನ ಮುಖ್ಯ ಹಾಡು ಕೆರೆಯನ್ನು ಕರೆಯುವ ಹಾಡು. ರಿಷಭದಿಂದ ಮೇಲಕ್ಕೆ ಹೋಗುವಾಗ ಗಾಂಧಾರ ಇಲ್ಲ, ಅಲ್ಲಿ ಧಾಟಿ ಒಂದು ಹಳ್ಳ ದಾಟಿದ ಹಾಗೆ ನೆಗೆಯುತ್ತದೆ. ಕೆಳಗೆ ಬರುವಾಗ ಗೌಡರು ಅಭ್ಯಾಸಬಲದಿಂದ ಗಾಂಧಾರ ಮುಟ್ಟುತ್ತಿದ್ದರು, ಅಲ್ಲಿ ನಾನು ಕೈ ಎತ್ತಿ ಅವರ ಗಂಟಲಿಗೇ ಬಿಟ್ಟೆ. ಪೆಟ್ಟಿಗೆ ಸುಮ್ಮನಾದ ಜಾಗದಲ್ಲಿ ಒಂಟಿ ದನಿ ನಿಂತು ಕೆಳಗಿಳಿಯುತ್ತಿತ್ತು. ರೀಡು ಮುರಿಯದಿದ್ದರೆ ಅದು ನನಗೆ ಹೊಳೆಯುತ್ತಿರಲಿಲ್ಲ. ಶ್ಯಾನುಭೋಗರ ಮಾತುಗಳಲ್ಲಿ ಒಂದು ಅಕ್ಷರ ಬಿಡಲಿಲ್ಲ. ಸಾಲಿನ ಕೊನೆಯಲ್ಲಿ ಎತ್ತು ಇಳಿಯುವಷ್ಟು ಉದ್ದ ಎಳೆದೆ ಅಷ್ಟೇ.

ರಾಜನ ಶ್ರುತಿ ಬೇರೆ, ಉಳಿದವರದು ಬೇರೆ ಅಂತ ತಬಲಾ ಭಾಯಿಗೆ ಹೇಳಿದರೆ ತಲೆ ಚಚ್ಚಿಕೊಂಡರು. "ಅರೆ ಅಕ್ಕಾ, ರಾಜಾಗೆ ಒಂದು ತಬಲಾ, ಪ್ರಜೆಗಳಿಗೆ ಒಂದು ತಬಲಾನಾ?"

"ಹೌದು. ಎರಡು ತನ್ನಿ."

"ಯಾವ ರಾಜ್ಯ ಅಪ್ಪಾ ಇದು" ಅಂದರು. ಆದರೂ ತಂದರು.

ಅಮಾವಾಸ್ಯೆ ಕಳೆದ ಬೆಳಿಗ್ಗೆ ಚಾವಡಿ ಮುಂದೆ ಟ್ರಯಲ್. ಪಟೇಲರು ಪೇಟೆಯ ಮೇಷ್ಟ್ರನ್ನು ಕರೆಸಿಯೇ ಬಿಟ್ಟಿದ್ದರು. ಅವರು ಬಿಳಿ ಷರಾಯಿ ಹಾಕಿಕೊಂಡು ಬೆಂಚಿನ ಮೇಲೆ ಕಾಫಿ ಕುಡಿಯುತ್ತಿದ್ದರು. ನಾನು ತಿದಿಯ ಮೇಲೆ ಕಾಲಿಟ್ಟು ಕೂತೆ. ಮೊದಲು ಮಂತ್ರಿಯ ಹಾಡು, ಹಳೇ ಸಾಲಿನಲ್ಲಿ. ಆಮೇಲೆ ಆ ಗುಂಡಿ ಒಳಕ್ಕೆ ತಳ್ಳಿ, ಇನ್ನೊಂದು ಎಳೆದೆ. ಷಡ್ಜ ಒತ್ತಿ ಹಿಡಿದೆ.

ಪೇಟೆಯ ಮೇಷ್ಟ್ರು ಲೋಟ ಕೆಳಗಿಟ್ಟರು. "ಏನಮ್ಮ, ನಿಮ್ಮ ಪೆಟ್ಟಿಗೆ ಸರಿಯಿಲ್ವಲ್ಲ. ಇದು ಯಾವ ಮನೇಲೂ ಇಲ್ಲ."

ನಾನು ಗೌಡರ ಮುಖ ನೋಡುತ್ತಿದ್ದೆ. ಅವರು ಯಾವತ್ತಿನಂತೆ ಬೆವರುತ್ತಾ ನಿಂತಿದ್ದರು. ಸ್ವರ ಕಿವಿಗೆ ಬಿದ್ದ ಮೇಲೆ ತಲೆ ಸ್ವಲ್ಪ ವಾರೆ ಮಾಡಿದರು. ಹೆಗಲು ಇಳಿಯಿತು. ಬಾಯಿ ತೆರೆದರು.

ಕೆರೆ ಏರಿಯ ಮೇಲೆ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಎದ್ದು ನಿಂತರು. ಪಟೇಲರ ಬಾಯಲ್ಲಿ ಎಲೆ ಅಡಿಕೆ ಹಾಗೇ ಉಳಿಯಿತು. ಗಾಂಧಾರದ ಜಾಗ ಬಂದಾಗ ನಾನು ಕೈ ಎತ್ತಿದೆ, ಗೌಡರು ಒಬ್ಬರೇ ಇಳಿದು ಬಂದು ಷಡ್ಜದಲ್ಲಿ ನಿಂತರು. ಕೊಟ್ಟಿಗೆಯ ಕಡೆಯಿಂದ ಅವರ ಎತ್ತು ಅಂಬಾ ಅಂದಿತು. ಅದು ಸುಳ್ಳಲ್ಲ, ಬೇಕಾದರೆ ನಂಬಿ.

"ಆದ್ರೂ ಪೆಟ್ಟಿಗೆ ಸರಿಯಿಲ್ಲ" ಅಂದರು ಪೇಟೆಯ ಮೇಷ್ಟ್ರು.

"ಪೆಟ್ಗೆ ಎಂಗಾದ್ರೂ ಇರ್ಲಿ ಬಿಡಿ ಸ್ವಾಮಿ," ಅಂದರು ಪಟೇಲರು, "ರಾಜ ಆಡ್ತಾವ್ನಲ್ಲ!"

ಆ ಮೇಷ್ಟ್ರು ಕೆಟ್ಟವರಲ್ಲ. ಹೋಗುವಾಗ ಪೆಟ್ಟಿಗೆ ಒಳಗೆ ಬಗ್ಗಿ ನೋಡಿ, "ಅರ ಯಾವ್ದು ಹಾಕಿದ್ರಿ?" ಅಂತ ಕೇಳಿದರು. ತೋರಿಸಿದೆ. ಗೌಡರ ಹೆಂಡತಿ ಬಂದು ನನ್ನ ಪಕ್ಕ ಕೂತು, "ಮದ್ವೆನಾಗೆ ಒಂದು ರಾಟೆ ಇಟ್ಟಿದ್ರೆ ನನ್ ಎಸ್ರೂ ಏಳ್ತಿದ್ರು" ಅಂದರು. ನನಗೆ ಆವಾಗ ಹಸಿವಾಯಿತು. ಎಷ್ಟೋ ದಿನದಿಂದ ಹಸಿವೇ ಆಗಿರಲಿಲ್ಲ ಅಂತಲೂ ಆವಾಗಲೇ ಗೊತ್ತಾಯಿತು. ಅವರ ಮನೆಯಲ್ಲಿ ಮುದ್ದೆ, ಹಿಸುಕಿದ ಅವರೆಕಾಳಿನ ಸಾರು ಉಂಡು, ಜಗಲಿಯ ಮೇಲೆ ಮಧ್ಯಾಹ್ನವೆಲ್ಲ ಮಲಗಿಬಿಟ್ಟೆ.

ಯುಗಾದಿಗೆ ನಾಟಕ ಆಯಿತು. ಹಳೇ ಸಾಲಿನ ಗುಂಡಿ ಒಳಕ್ಕೆ ತಳ್ಳುವುದು ಒಂದು ಸಲ ಮರೆತೆ. ಪೆಟ್ಟಿಗೆ ಊಳಿಟ್ಟಿತು, ರಾಜನ ಆಸ್ಥಾನಕ್ಕೆ ನರಿ ಬಂತು ಅಂತ ತಬಲಾ ಭಾಯಿ ಮೆಲ್ಲಗೆ ಅಂದರು, ನೋಡುವವರು ನಾಟಕದ್ದೇ ಸದ್ದು ಅಂದುಕೊಂಡರು. ರಾಜನ ಹಾಡನ್ನು ಮತ್ತೆ ಹಾಡಿಸಿ ಅಂತ ಕೂಗಿ ಕೂಗಿ ಹಾಡಿಸಿದರು.

ಗಾಡಿ ಯಶವಂತಪುರಕ್ಕೆ ಬಂದಾಗ ಗಂಡ ಮೊದಲು ಪೆಟ್ಟಿಗೆ ತೆರೆಸಿದರು. ಎಡಗೈಯಿಂದ ರೀಡುಗಳನ್ನು ತಡವಿದರು. ಮುರಿದ ಜಾಗದ ಹತ್ತಿರ ಬೆರಳು ನಿಂತಿತು. "ಆತುರ ಅಂತ ಹೇಳಿರಲಿಲ್ವಾ" ಅಂದರು. ಅಷ್ಟೇ. ಹಾಡು ಹೇಗಾಯಿತು ಅಂತ ಕೇಳಲಿಲ್ಲ.

ಸ್ವಲ್ಪ ದಿನ ಕಳೆದು ಪುಟ್ಟೇನಹಳ್ಳಿ ಕಡೆಯಿಂದ ಇಬ್ಬರು ಬಂದರು. ನಾನು ಒಲೆಯ ಮುಂದೆ ಇದ್ದೆ. ಹೊರಗಿನ ಮಾತು ಕೇಳುತ್ತಿತ್ತು.

"ಯಜಮಾನ್ರೇ, ನಾಟ್ಕದ ಮೇಷ್ಟ್ರು ಮನೆ ಇದೇ ತಾನೇ? ಮೇಷ್ಟ್ರು ಅವ್ರಾ?"

ನನ್ನ ಗಂಡ ಎಂದೂ ನನ್ನನ್ನು ಲೇ ಅನ್ನದೆ ಕರೆದವರಲ್ಲ.

"ಇದಾರೆ," ಅಂದರು. "ಒಳಗೆ ಮುದ್ದೆ ಕಟ್ತಿದಾರೆ. ಕೂತ್ಕೊಳ್ಳಿ, ಬರ್ತಾರೆ."

ನಾನು ಕೈ ತೊಳೆದುಕೊಂಡು ಹೊರಗೆ ಬಂದೆ. ರಾಜಾ ಪಾರ್ಟು ಯಾರದು, ಅವರ ತೋಟದಲ್ಲಿ ಬಾವಿ ಇದೆಯಾ ಅಂತ ಮೊದಲು ಕೇಳಿದೆ.